ಸುಮ್ಮನೆ ಕೂರುವ ವಿದ್ಯೆ

ಹೋದ ಭಾನುವಾರ ಬೆಳಿಗ್ಗೆ ಕೂಲರಿಗೆ ಹೊಸ ಲಾವಂಚದ ಹುಲ್ಲು ಕಟ್ಟಿದೆ. ನಾಗಪುರದಲ್ಲಿ ಮಾರ್ಚ್ ಮುಗಿಯುವುದರೊಳಗೆ ಈ ಕೆಲಸ ಮಾಡದ ಗಂಡಸು ಏಪ್ರಿಲಿನಲ್ಲಿ ಹೆಂಡತಿಯ ಎದುರು ತಲೆಯೆತ್ತಿ ಓಡಾಡುವ ಹಾಗಿಲ್ಲ. ಗಾಂಧಿಬಾಗ್ ಪೇಟೆಯ ಗಲ್ಲಿಯಲ್ಲಿ ಹತ್ತು ಜನರ ಮೊಣಕೈ ತಿವಿತ ತಿಂದು ಹುಲ್ಲಿನ ಚೌಕಟ್ಟು ತಂದೆ, ತಂತಿ ಬಿಗಿದೆ, ಬೆರಳು ಕುಯ್ದುಕೊಂಡೆ, ಪಂಪು ಹಾಕಿದೆ. ನೀರಿಳಿದು ಹುಲ್ಲು ನೆನೆದು ಆ ತಂಪು ವಾಸನೆ ಮೂಗಿಗೆ ಬಂತಲ್ಲ, ನ್ಯಾಯವಾಗಿ ಸಂತೋಷವಾಗಬೇಕಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

ಹೆಂಡತಿ ಹುಬ್ಬಳ್ಳಿಯವಳು, ರೈಲ್ವೆಯಲ್ಲಿ ಕೆಲಸ. ಅವಳಿಗೆ ಇಲ್ಲಿಗೆ ವರ್ಗವಾದದ್ದರಿಂದಲೇ ನಾನು ಮೈಸೂರು ಬಿಟ್ಟು ಈ ಒಲೆಯೂರಿಗೆ ಬಂದದ್ದು. "ಹುಲ್ಲಿಗೆ ಯಾಕ ಸಿಟ್ಟು ಮಾಡ್ಕೋತೀರಿ, ಅದೇನ್ ಮಾಡೇತಿ ನಿಮಗ?" ಎಂದು ಕೇಳಿದಳು. ಹುಲ್ಲು ಏನೂ ಮಾಡಿರಲಿಲ್ಲ. ಆದರೆ ಆ ವಾಸನೆ ಅಕ್ಕೋರ ಕೋಣೆಯ ವಾಸನೆ. ಮಾರನೆಯ ದಿನ ಸೋಮವಾರ, ಆಫೀಸಿನಲ್ಲಿ ಮೀಟಿಂಗು. ಅಕ್ಕೋರಿಂದ ನಾನು ಕಲಿತ ಒಂದೇ ಒಂದು ವಿದ್ಯೆಯನ್ನು ಆ ಮೀಟಿಂಗಿನಲ್ಲಿ ಕಿತ್ತು ಬಿಸಾಕುವವರಿದ್ದರು.

ನಿಮಗೆ ಅರ್ಥವಾಗುವ ಹಾಗೆ ಹೇಳಬೇಕು, ಕೂತುಕೊಳ್ಳಿ. ಆತುರವಿದ್ದರೆ ಮಾತ್ರ ದಯವಿಟ್ಟು ಬೇಡ. ಆತುರದವರು ವಾರವಿಡೀ ನನ್ನ ಸುತ್ತಲೇ ಇದ್ದಾರೆ. ಮಕ್ಕಳಿಗೆ ಫೋನು, ಟ್ಯಾಬುಗಳ ಮೇಲೆ ಲೆಕ್ಕ ಕಲಿಸುವ ಆ್ಯಪ್ ಮಾಡುವ ಒಂದು ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಅದಕ್ಕೂ ಮೊದಲು ವಿಶ್ವವಿದ್ಯಾಲಯದಲ್ಲಿ, ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಸಂಶೋಧನೆ ಮಾಡಿಕೊಂಡಿದ್ದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ನೆಂಟರು ಕೇಳುತ್ತಾರೆ. ಮೊದಲು, ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಈಗ ಸಂಬಳ ಕೊಟ್ಟು ಕೇಳುತ್ತಾರೆ, ಹೇಳಿದರೆ ಕೇಳಿಸಿಕೊಳ್ಳುವುದಿಲ್ಲ.

ನಮ್ಮ ಆ್ಯಪಿನಲ್ಲೊಂದು ಹಸಿರು ಗಿಳಿ ಇದೆ. ಮಗು ಒಂದು ಗಳಿಗೆ ಪರದೆ ಮುಟ್ಟದಿದ್ದರೆ ಸಾಕು, ರೆಕ್ಕೆ ಬಡಿದು "ಚಲೋ ಚಲೋ, ಜಲ್ದಿ ಜಲ್ದಿ" ಎಂದು ಪ್ರಾಣ ತೆಗೆಯುತ್ತದೆ. ನನ್ನ ಮೇಜಿನ ಮೇಲೆ ಅದರದೇ ಒಂದು ಬಟ್ಟೆಯ ಬೊಂಬೆ ಕೂರಿಸಿದ್ದಾರೆ. ಎಷ್ಟೋ ಸಲ ಅದರ ಕತ್ತು ಹಿಸುಕಬೇಕೆನಿಸಿದೆ. ಬಂದ ಹೊಸದರಲ್ಲಿ ಎಲ್ಲರ ಕೈಕಾಲು ಹಿಡಿದು ನಾನು ಒಂದು ಕೆಲಸ ಮಾಡಿಸಿಕೊಂಡಿದ್ದೆ. ಕಷ್ಟದ ಲೆಕ್ಕ ಬಂದಾಗ ಗಿಳಿ ಕಣ್ಣು ಮುಚ್ಚಿ ಮಲಗಬೇಕು. ಮಗು ಎಷ್ಟು ಹೊತ್ತು ಬೇಕಾದರೂ ಪರದೆ ನೋಡಿಕೊಂಡು, ಇಲ್ಲವೇ ಸೂರು ನೋಡಿಕೊಂಡು ಕೂತಿರಬಹುದು. "ಮುಗಿಯಿತು" ಎಂದು ಮಗುವೇ ಒತ್ತುವವರೆಗೂ ಆ್ಯಪು ತುಟಿ ಪಿಟಕ್ ಎನ್ನುವಂತಿಲ್ಲ. ಆಫೀಸಿನ ಹುಡುಗರು ಇದಕ್ಕೆ "ಸರ್ ಕಾ ಸನ್ನಾಟಾ" ಎಂದು ಹೆಸರಿಟ್ಟಿದ್ದಾರೆ, ಸರ್ ಅವರ ಮೌನ. ಇರಲಿ, ನನ್ನ ಹೆಸರಿನಲ್ಲಿ ಇಷ್ಟಾದರೂ ಮೌನವಿದೆಯಲ್ಲ ಎಂದುಕೊಂಡಿದ್ದೆ. ಆ ಮೌನವನ್ನು ತೆಗೆದುಹಾಕಬೇಕೋ ಉಳಿಸಬೇಕೋ ಎನ್ನುವುದೇ ಸೋಮವಾರದ ತೀರ್ಮಾನ.

ಅಕ್ಕೋರು ಯಾರೆಂದು ಹೇಳಲಿಲ್ಲ. ಪ್ರೊಫೆಸರ್ ಇನಾಮದಾರ, ನನ್ನ ಸಂಶೋಧನೆಗೆ ಮಾರ್ಗದರ್ಶಕಿ. ವಿಜಯಪುರದ ಕಡೆಯವರು. ತಂದೆ ರೈಲ್ವೆಯಲ್ಲಿದ್ದು ನಾಗಪುರದ ಕ್ವಾರ್ಟರ್ಸಿನಲ್ಲೇ ಬೆಳೆದವರು; ಅವರ ಕನ್ನಡದಲ್ಲಿ ಅರ್ಧ ಮರಾಠಿ. ಪ್ರೊಫೆಸರರನ್ನು ಹಳ್ಳಿಯ ಶಾಲೆಯ ಟೀಚರಮ್ಮನ ಹಾಗೆ ಅಕ್ಕೋರು ಅನ್ನುವುದೇ ಎಂದು ನಾನು ಮೊದಲು ಹಿಂಜರಿದೆ. ಮೇಡಂ ಎಂದು ಕರೆದರೆ ಅವರು ತಿರುಗಿಯೂ ನೋಡಲಿಲ್ಲ. ಅಕ್ಕೋರೇ ಎಂದ ಮೇಲೆ ಕುರ್ಚಿ ತೋರಿಸಿದರು.

ಅವರ ಕೋಣೆಯೆಂದರೆ ಒಂದು ಮುದಿ ಕೂಲರು, ಎರಡು ಪುಟ್ಟ ಕುರ್ಚಿ, ಒಂದು ಟೇಪ್ ರೆಕಾರ್ಡರು. ಸುತ್ತಲಿನ ಶಾಲೆಗಳಿಂದ ಮಕ್ಕಳು ಬರುತ್ತಿದ್ದರು. ಒಂದು ಲೆಕ್ಕ ಕೊಡುವುದು, ಅದನ್ನು ಮಾಡುತ್ತ ಏನು ಯೋಚಿಸುತ್ತೀ ಹೇಳು ಎನ್ನುವುದು, ಆಮೇಲೆ ಸುಮ್ಮನಿರುವುದು. ಇಷ್ಟೇ ಸಂಶೋಧನೆ. ಇದಕ್ಕೊಂದು ಪದವಿ ಬೇರೆ ಕೊಡುತ್ತಾರೆಯೇ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಮೊದಲ ದಿನವೇ ಗ್ರಹಚಾರ ಬಿಡಿಸಿದರು. ಒಂದು ಮಗು ಲೆಕ್ಕ ನೋಡುತ್ತ ಪೆನ್ಸಿಲು ಕಚ್ಚಿಕೊಂಡು ಕೂತಿತ್ತು. ಪಾಪ, ಗೊತ್ತಿಲ್ಲವೇನೋ ಎಂದು ನಾನು ಸಣ್ಣದೊಂದು ಸುಳಿವು ಕೊಟ್ಟೆ. ಮಗು ಥಟ್ಟನೆ ಉತ್ತರ ಬರೆದು ಹೋಯಿತು. ನಾನು ಬೀಗಿದೆ.

"ತಮ್ಮಾ, ಆ ಕೂಸು ಏನ್ ಮಾಡ್ಲಿಕತ್ತಿತ್ತು?" ಎಂದು ಕೇಳಿದರು ಅಕ್ಕೋರು.

"ಏನೂ ಮಾಡ್ತಿರಲಿಲ್ಲ. ಸುಮ್ಮನೆ ಕೂತಿತ್ತು."

"ಸುಮ್ನ ಕುಂತಿತ್ತೋ, ವಿಚಾರ ಮಾಡ್ಲಿಕತ್ತಿತ್ತೋ? ನಿನಗ ಹ್ಯಾಂಗ ಗೊತ್ತಾತು?"

ಅಕ್ಕೋರು ಟೇಪು ನಿಲ್ಲಿಸಿದರು. "ಈಗ ಅದು ಏನ್ ವಿಚಾರ ಮಾಡ್ತಿತ್ತು ಅಂತ ಆ ದೇವ್ರಿಗೂ ತಿಳಿಯಂಗಿಲ್ಲ," ಎಂದರು. "ನಿಮ್ಮ ಮೈಸೂರು ಮಂದಿಗೆ ಖಾಲಿ ಜಾಗಾ ಕಂಡ್ರ ಮಾತು ತುಂಬೂ ಚಟ ಐತಿ." ಅಂದಿನಿಂದ ಮಗುವಿನ ಮುಂದೆ ಕೂತಾಗಲೆಲ್ಲ ನಾನು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿಟ್ಟುಕೊಳ್ಳಲು ಕಲಿತೆ. ಮೈಸೂರು ಮಂದಿಯ ಬಗ್ಗೆ ಅವರು ಹೇಳಿದ್ದನ್ನು ಹೆಂಡತಿಗೆ ಹೇಳಬಾರದಿತ್ತು, ಹೇಳಿದೆ. ಈಗಲೂ ಅನುಭವಿಸುತ್ತಿದ್ದೇನೆ.

ಟೇಪಿನಲ್ಲಿರುವುದನ್ನೆಲ್ಲ ಆಮೇಲೆ ಬರೆದಿಳಿಸಬೇಕಿತ್ತು. ಮಾತನ್ನು ಯಾರಾದರೂ ಬರೆದಾರು, ಅಕ್ಕೋರಿಗೆ ಮೌನವೂ ಬೇಕು. ಮಗು ಎಲ್ಲಿ ನಿಂತಿತು, ನಿಂತಾಗ ಎಲ್ಲಿ ನೋಡಿತು, ಉಸಿರೆಳೆದುಕೊಂಡಿತೋ, ಕಾಲು ಅಲ್ಲಾಡಿಸಿತೋ, ಎಲ್ಲಕ್ಕೂ ಗುರುತು. ಟೇಪಿನ ತುಂಬ ಕೂಲರಿನ ಗುರ್ರೆನ್ನುವ ಸದ್ದು. ನನ್ನ ವಯಸ್ಸಿನವರು ಮನೆ ಕಟ್ಟಿಸುತ್ತಿದ್ದ ವರ್ಷಗಳಲ್ಲಿ ನಾನು ಆ ಗುರ್ರಿನೊಳಗೆ ಕಿವಿಯಿಟ್ಟು ನಾಗಪುರದ ಮಕ್ಕಳ ಮೌನ ಹುಡುಕುತ್ತಿದ್ದೆ. ಆದರೆ ಒಂದು ಮಾತು ಹೇಳುತ್ತೇನೆ, ಇದರಲ್ಲಿ ನನಗೆ ತಮಾಷೆಯಿಲ್ಲ. ಎಷ್ಟೋ ಮಕ್ಕಳು ತಪ್ಪು ದಾರಿಯಲ್ಲಿ ಹೊರಟು, ಮೌನವಾಗಿ ನಿಂತು, ಯಾರೂ ಏನೂ ಹೇಳದೆಯೇ ತಾವಾಗಿ ಹಿಂದಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಗಳಿಗೆಯಲ್ಲಿ ಮಗುವಿನ ಮುಖ ನೋಡಿದವನು ಮತ್ತೆ ಸುಳಿವು ಕೊಡಲು ಬಾಯಿ ತೆರೆಯುವುದಿಲ್ಲ. ತೆರೆಯಬಾರದು.

ಹೀಗಿದ್ದವನು ಕಂಪನಿಗೆ ಬಂದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಸಿದ್ಧವಿತ್ತು: ಕೋಣೆಯೊಳಗೆ ಎಷ್ಟು ಮಕ್ಕಳನ್ನು ನೋಡಬಹುದು, ಆ್ಯಪಿನಲ್ಲಿ ಲಕ್ಷ ಮಕ್ಕಳನ್ನು ತಲುಪಬಹುದು. ಸಂದರ್ಶನದಲ್ಲಿ ಇದನ್ನೇ ಹೇಳಿದ್ದಕ್ಕೆ ಕಂಪನಿ ಕಟ್ಟಿದ ನಿಖಿಲ್ ಎದ್ದು ಬಂದು ಕೈ ಕುಲುಕಿದ. ನಿಖಿಲ್ ಇಲ್ಲಿಯವನೇ. ನನಗಿಂತ ಬಹಳ ಚಿಕ್ಕವನು, ಕೆಟ್ಟವನಲ್ಲ. ನನ್ನ ಥೀಸಿಸ್ಸಿನ ಮೊದಲ ಪುಟವನ್ನು ನಿಜವಾಗಿಯೂ ಓದಿದ್ದ. ಉಳಿದದ್ದನ್ನು ಒಂದು ಸಾಲಿನಲ್ಲಿ ಹೇಳಿ ಸರ್ ಎಂದ. ಆಗಲೇ ನನಗೆ ಹೊಳೆಯಬೇಕಿತ್ತು.

ಹದಿನೈದು ದಿನದ ಹಿಂದೆ ನಾಗಪುರದ ಹತ್ತಿರದ ಕಳಮೇಶ್ವರದ ಒಂದು ಶಾಲೆಗೆ ಹೋಗಿದ್ದೆವು. ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು ಓದುವ ಶಾಲೆ. ನಿಖಿಲ್ ಬಂದಿದ್ದ, ಜೊತೆಗೊಬ್ಬ ಫೋಟೋಗ್ರಾಫರು. ಪಾಯಲ್ ಎನ್ನುವ ಹುಡುಗಿಯ ಮುಂದೆ ಟ್ಯಾಬು ಇಟ್ಟೆವು. ಐನೂರ ಎರಡು ಕಿತ್ತಳೆಯಲ್ಲಿ ನೂರ ಎಪ್ಪತ್ತೆಂಟು ಮಾರಿದರೆ ಎಷ್ಟು ಉಳಿಯಿತು ಎಂಬ ಲೆಕ್ಕ. ಕಂಪನಿ ನಾಗಪುರದ್ದಾದ ತಪ್ಪಿಗೆ ನಮ್ಮ ಆ್ಯಪಿನಲ್ಲಿ ಮಕ್ಕಳು ಕಿತ್ತಳೆ ಬಿಟ್ಟು ಬೇರೇನೂ ಮಾರುವುದಿಲ್ಲ. ಈ ಲೆಕ್ಕದ ಕಷ್ಟ ನಡುವಿನ ಸೊನ್ನೆಯಲ್ಲಿದೆ. ಎರಡರಿಂದ ಎಂಟು ಹೋಗದು, ಪಕ್ಕದಿಂದ ತರೋಣವೆಂದರೆ ಪಕ್ಕದಲ್ಲಿ ಏನೂ ಇಲ್ಲ. ದೊಡ್ಡವರೂ ಮುಗ್ಗರಿಸುವ ಜಾಗ.

ಹುಡುಗಿ ಸೊನ್ನೆಯ ಹತ್ತಿರ ನಿಂತಳು. ತಗಡಿನ ಸೂರು ನೋಡಿದಳು. ಗಿಳಿ ಮಲಗಿತು. ನನಗೆ ಒಳಗೇ ಖುಷಿ.

"ಹ್ಯಾಂಗ್ ಹೋ ಗಯಾ ಕ್ಯಾ?" ಎಂದು ನಿಖಿಲ್ ನನ್ನ ಕಿವಿಯಲ್ಲಿ ಕೇಳಿದ. ಟ್ಯಾಬು ನಿಂತುಹೋಯಿತೇ ಎಂದು.

"ನಹೀ, ಸೋಚ್ ರಹೀ ಹೈ," ಎಂದೆ. ಇಲ್ಲ, ಯೋಚಿಸುತ್ತಿದ್ದಾಳೆ.

ಫೋಟೋಗ್ರಾಫರು ಕ್ಯಾಮೆರಾ ಇಳಿಸಿ ಆಕಳಿಸಿದ. ಹೆಡ್‌ಮಾಸ್ತರರು ಎರಡು ಸಲ ಕೆಮ್ಮಿದರು. ಹುಡುಗಿ ಬೆರಳು ಮಡಚುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಹತ್ತಿರ ಬಂದಿದ್ದಳು, ನನಗದು ಗೊತ್ತಾಗುತ್ತದೆ, ಬೇರೇನೂ ಗೊತ್ತಿಲ್ಲದಿದ್ದರೂ ಅದೊಂದು ಗೊತ್ತಾಗುತ್ತದೆ. ಅಷ್ಟರಲ್ಲಿ ನಿಖಿಲ್ ಬಗ್ಗಿ "ತೀನ್ ಸೌ ಚೌಬೀಸ್, ಬೇಟಾ" ಎಂದುಬಿಟ್ಟ. ಸುಳಿವಲ್ಲ ಸ್ವಾಮಿ, ಉತ್ತರವೇ. ಹುಡುಗಿ ಮಡಚಿದ ಬೆರಳುಗಳನ್ನು ಬಿಡಿಸಿ ಮುನ್ನೂರ ಇಪ್ಪತ್ತನಾಲ್ಕು ಒತ್ತಿದಳು. ಗಿಳಿ ಎದ್ದು ಕುಣಿಯಿತು. ತಾನೇ ಉತ್ತರ ಹೇಳಿ ತಾನೇ ಚಪ್ಪಾಳೆ ತಟ್ಟಿದ ಪುಣ್ಯಾತ್ಮನ ಜೊತೆ ಹೆಡ್‌ಮಾಸ್ತರರೂ ತಟ್ಟಿದರು, ಫೋಟೋ ತೆಗೆದರು. ಹುಡುಗಿ ಮಾತ್ರ ನಗಲಿಲ್ಲ. ಆ ಬೆರಳುಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು. ಹಿಂದಿರುಗುವಾಗ ಕಾರಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ನನಗೆ ಹೊಟ್ಟೆ ಕೆಟ್ಟಿದೆ ಎಂದುಕೊಂಡು ನಿಖಿಲ್ ದಾರಿಯಲ್ಲಿ ಸೋಡಾ ಕೊಡಿಸಿದ.

ಅದಾದ ಮೇಲಿನ ಶುಕ್ರವಾರದ ಮೀಟಿಂಗಿನಲ್ಲಿ ಆ ಫೋಟೋ ಗೋಡೆಯ ಮೇಲೆ ಬಂತು. ಹುಡುಗಿ ಸುಮ್ಮನೆ ಕೂತಿದ್ದ ಹೊತ್ತನ್ನು ಪಕ್ಕದಲ್ಲೇ ಒಂದು ಉದ್ದನೆಯ ಕೆಂಪು ಪಟ್ಟಿಯಾಗಿ ತೋರಿಸಿದರು. ಅದಕ್ಕೆ ಅವರಿಟ್ಟ ಹೆಸರು ಡೆಡ್ ಟೈಮ್. ಮಗು ಯೋಚಿಸುವ ಹೊತ್ತು ಸತ್ತ ಹೊತ್ತಂತೆ. ಯಾರ ಹತ್ತಿರ ಹೋಗಿ ತಲೆ ಚಚ್ಚಿಕೊಳ್ಳಲಿ ಹೇಳಿ. "ಸರ್, ಬಚ್ಚಾ ಬೋರ್ ಹೋಕೇ ಭಾಗ್ ಜಾಯೇಗಾ," ಎಂದ ನಿಖಿಲ್, ಮಗು ಬೇಸತ್ತು ಓಡಿಹೋಗುತ್ತದಂತೆ. "ಹಣ ಹಾಕುವವರಿಗೆ ಏನು ತೋರಿಸಲಿ, ಮಲಗಿರುವ ಗಿಳಿಯನ್ನೇ? ಸೋಮವಾರ ಫೈನಲ್ ಮಾಡಿಬಿಡೋಣ." ಅಷ್ಟೂ ಹಿಂದಿಯಲ್ಲಿ, ಅಷ್ಟೂ ಮರ್ಯಾದೆಯಿಂದ. ಮರ್ಯಾದೆಯಿಂದ ಹೇಳಿದರೆ ಜಗಳಕ್ಕೂ ದಾರಿಯಿರುವುದಿಲ್ಲ.

ಹುಲ್ಲು ಕಟ್ಟಿದ ಆ ಭಾನುವಾರ ಸಂಜೆ ಬಿಸಿಲಿಳಿದ ಮೇಲೆ ಅಕ್ಕೋರ ಮನೆಗೆ ಹೋದೆ. ನಿವೃತ್ತರಾಗಿ ತಂಗಿಯ ಜೊತೆ ಇದ್ದಾರೆ. ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚುತ್ತ ಕೂತಿದ್ದರು. ನಾನು ಚಪ್ಪಲಿ ಬಿಡುವುದರೊಳಗೇ ಶುರುಮಾಡಿದೆ. ಗಿಳಿ, ಕೆಂಪು ಪಟ್ಟಿ, ಸತ್ತ ಹೊತ್ತು, ಸೋಡಾ, ಕಿತ್ತಳೆ, ಒಂದೂ ಬಿಡಲಿಲ್ಲ. ಈ ಜನಕ್ಕೆ ಕಲಿಕೆಯೆಂದರೆ ಏನೆಂದೇ ಗೊತ್ತಿಲ್ಲ, ಇವರಿಗೆ ತಾಳ್ಮೆಯೆನ್ನುವುದೇ ಇಲ್ಲ ಎಂದೆ. ಅವರ ತಂಗಿ ನೀರು ತಂದುಕೊಟ್ಟರು. ಕುಡಿಯುವಾಗಲೂ ನಾನು ಮಾತು ನಿಲ್ಲಿಸಲಿಲ್ಲ, ನೆತ್ತಿಗೇರಿ ಕೆಮ್ಮಿದೆ.

ಕೆಮ್ಮು ನಿಂತ ಮೇಲೆ ಅಕ್ಕೋರು ಕೇಳಿದರು. "ನೀ ಅಲ್ಲಿಗೆ ಯಾಕ ಹೋದಿ?"

"ಹೆಚ್ಚು ಮಕ್ಕಳನ್ನ ತಲುಪಬಹುದು ಅಂತ."

ಅವರು ಒಂದು ಕಾಯಿ ಹೆಚ್ಚಿದರು.

"ಸಂಬಳವೂ ಚೆನ್ನಾಗಿತ್ತು. ಮನೆ ನಡೀಬೇಕಲ್ಲ."

ಕತ್ತಿ ಒರೆಸಿಕೊಂಡು ನನ್ನ ಮುಖ ನೋಡಿದರು. ಅದು ನನಗೆ ಗೊತ್ತಿದ್ದ ನೋಟ. ನಾನೂ ಎಷ್ಟೋ ಮಕ್ಕಳನ್ನು ಹೀಗೇ ನೋಡುತ್ತ ಕೂತಿದ್ದವನು, ಇದರ ಮೇಲೇ ಥೀಸಿಸ್ ಬರೆದವನು. ಗೊತ್ತಿದ್ದರೆ ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಆಗುವುದಿಲ್ಲ.

"ಸಂಶೋಧನೆ ಕಪಾಟಲ್ಲೇ ಕೊಳೀಬಾರದು ಅಂತ," ಎಂದೆ. ಆ ಕಾರಣವೂ ನಿಲ್ಲಲಿಲ್ಲ. ಅವರು ಕಾದರು. ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿತು. ನನಗೆ ಎದ್ದು ಹೋಗಬೇಕೆನಿಸಿತು, ಏಳಲಿಲ್ಲ.

"ಕಾದು ಕಾದು ಸಾಕಾಗಿಹೋಗಿತ್ತು, ಅಕ್ಕೋರೇ."

ಈ ಮಾತು ನನ್ನೊಳಗಿತ್ತೆಂದು ಬಾಯಿಂದ ಬರುವವರೆಗೂ ನನಗೆ ತಿಳಿದಿರಲಿಲ್ಲ. ಆಮೇಲೆ ಉಳಿದದ್ದು ತಾನೇ ಬಂತು. ಪ್ರತಿ ಜೂನಿನಲ್ಲೂ ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಆಫೀಸಿನ ಬಾಗಿಲಲ್ಲಿ ನಿಲ್ಲುವುದು. ಕಾಯಂ ಹುದ್ದೆಯ ಸಂದರ್ಶನಕ್ಕೆ ಇಸ್ತ್ರಿ ಮಾಡಿಟ್ಟ ಅಂಗಿ, ಸಂದರ್ಶನ ಮುಂದಕ್ಕೆ ಹೋಗಿ ಹೋಗಿ, ನನಗೆ ಬಿಗಿಯಾದದ್ದು. ಕಳಿಸಿದ ಲೇಖನ ಓದಿದರೋ ಎಸೆದರೋ ಎಂದು ತಿಳಿಯದ ವರ್ಷಗಳು. ಮಕ್ಕಳಿಗಾಗಿ ಎಷ್ಟು ಹೊತ್ತು ಬೇಕಾದರೂ ಕಾಯಬಲ್ಲೆ, ನನಗಾಗಿ ಕಾಯಲಾಗಲಿಲ್ಲ ಎಂದೆ. ಐವತ್ತಕ್ಕೆ ಹತ್ತಿರವಾದ ಗಂಡಸು ಮಾವಿನಕಾಯಿಯ ಮುಂದೆ ಕೂತು ಮೂಗು ಒರೆಸಿಕೊಂಡೆ.

ಅಕ್ಕೋರು ಬೈಯುತ್ತಾರೆ ಎಂದುಕೊಂಡಿದ್ದೆ. "ನನಗೂ ಸಾಕಾಗಿತ್ತು, ತಮ್ಮಾ," ಎಂದರು. "ನಾ ಹೋಗ್ಲಿಲ್ಲ ಅಷ್ಟ. ಕರದವ್ರು ಯಾರೂ ಇರಲಿಲ್ಲ."

ಇಷ್ಟು ವರ್ಷ ಅವರನ್ನು ತಾಳ್ಮೆಯ ಬೆಟ್ಟವೆಂದು ತಿಳಿದಿದ್ದೆನಲ್ಲ, ಅವರೂ ಆ ಕೋಣೆಯಲ್ಲಿ ಕೂತು ಬೇಸತ್ತಿದ್ದರು. ಒಂದು ದಿನವೂ ನಾನು ಕೇಳಿರಲಿಲ್ಲ. ಅವರು ಎರಡು ಕಾಯಿ ಕೈಗಿಟ್ಟು "ಮನಿಗೆ ಒಯ್ಯಿ, ಹೆಂಡ್ತಿಗೆ ಚಟ್ನಿ ಮಾಡು ಅನ್ನು. ಬೇಕಾದ್ರ ನೀನೇ ಮಾಡು," ಎಂದರು.

ಸೋಮವಾರದ ಮೀಟಿಂಗಿಗೆ ನಾನು ಚಾರ್ಟುಗಳ ಒಂದು ಹೊರೆ ಸಿದ್ಧ ಮಾಡಿಕೊಂಡಿದ್ದೆ. ತೆರೆಯಲಿಲ್ಲ. ನನ್ನ ಹರಕುಮುರುಕು ಹಿಂದಿಯಲ್ಲಿ ನಿಖಿಲ್‌ಗೆ ಹೇಳಿದೆ. ಕಾಯುವುದು ಸಾಕಾಗಿಯೇ ನಾನು ಇಲ್ಲಿಗೆ ಬಂದವನು. ನಿನ್ನ ಆತುರ ನನಗೆ ಅರ್ಥವಾಗುತ್ತದೆ, ಹಣ ಹಾಕಿದವರದೂ ಅರ್ಥವಾಗುತ್ತದೆ. ಆದರೆ ಆ ಹುಡುಗಿಗೆ ಆತುರವಿರಲಿಲ್ಲ. ನಮ್ಮ ಆತುರವನ್ನು ತೆಗೆದುಕೊಂಡು ಹೋಗಿ ಅವಳ ತಲೆಗೆ ಕಟ್ಟಿ ಬಂದಿದ್ದೇವೆ.

ನಿಖಿಲ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತ. "ಆಪ್ ಭೀ, ಸರ್?" ಎಂದ. ನೀವೂ ಹೀಗೇ ಬಂದದ್ದೇ ಎನ್ನುವ ಹಾಗೆ. ತೀರ್ಮಾನವೇನೋ ಆಯಿತು, ಅದೂ ಅರೆಬರೆ. ಕಳಮೇಶ್ವರದ ಆ ಒಂದು ಶಾಲೆಯಲ್ಲಿ ಮಾತ್ರ, ಬೇಸಿಗೆ ರಜೆಯವರೆಗೆ, ಗಿಳಿ ಮಲಗಬಹುದು. ಮಕ್ಕಳು ಬೇಸತ್ತು ಟ್ಯಾಬು ಬಿಟ್ಟು ಓಡಿದರೆ ಎಲ್ಲ ಕಡೆಯೂ ತೆಗೆದುಬಿಡುವುದು. ನನ್ನ ಜೀವಮಾನದ ಸಂಶೋಧನೆಗೆ ಸಿಕ್ಕಿದ್ದು ಅರ್ಧ ದಿನದ ರಜೆಯಂಥ ಮಂಜೂರಾತಿ. ಮನೆಗೆ ಬಂದು ಅದಕ್ಕೂ ರೇಗಾಡಿದೆ. "ಏನೂ ಸಿಗ್ಲಿಲ್ಲಂದ್ರೂ ಸಿಟ್ಟು ಮಾಡ್ಕೋತೀರಿ, ಸಿಕ್ರೂ ಸಿಟ್ಟು ಮಾಡ್ಕೋತೀರಿ," ಎಂದು ಹೆಂಡತಿ ಒಳಗೆ ಹೋದಳು.

ನಿನ್ನೆ ಮತ್ತೆ ಕಳಮೇಶ್ವರಕ್ಕೆ ಹೋದೆವು. ಈ ಸಲ ಫೋಟೋಗ್ರಾಫರು ಇರಲಿಲ್ಲ. ನಿಖಿಲ್ ತಾನಾಗಿಯೇ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತ, ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡ. ಅದೇ ಪಾಯಲ್. ಬೇರೆ ಲೆಕ್ಕ: ನಾನೂರ ಐದರಲ್ಲಿ ನೂರ ಅರವತ್ತೇಳು ಹೋದರೆ ಎಷ್ಟು. ಹುಡುಗಿ ಏಳರಲ್ಲಿ ಐದು ಕಳೆದು ಎರಡು ಎಂದು ಬರೆದಳು. ತಪ್ಪು. ಐದರಿಂದ ಏಳು ಹೋಗದೆಂದು ತಿರುಗಿಸಿಕೊಂಡುಬಿಟ್ಟಿದ್ದಳು. ಎಲ್ಲ ಮಕ್ಕಳೂ ಹೋಗುವ ದಾರಿ. ಆಮೇಲೆ ಸೊನ್ನೆಯ ಹತ್ತಿರ ನಿಂತಳು. ಸೂರು ನೋಡಿದಳು. ಪರದೆ ಅಲ್ಲಾಡಲಿಲ್ಲ.

ನಾವೂ ಅಲ್ಲಾಡಲಿಲ್ಲ. ಸೆಕೆ ಧಗಧಗ ಎನ್ನುತ್ತಿತ್ತು. ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು. ನಿಖಿಲ್ ಕೆಳತುಟಿ ಕಚ್ಚಿಕೊಂಡಿದ್ದ, ಕತ್ತಿನ ನರ ಎದ್ದಿತ್ತು, ಆದರೂ ಸುಮ್ಮನಿದ್ದ. ಇಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಇಲ್ಲ. ನನ್ನ ಯೋಚನೆ ಎಲ್ಲೆಲ್ಲೋ ಓಡುತ್ತಿತ್ತು. ಈ ಹುಡುಗಿಗೆ ಈಗ ಬಾರದಿದ್ದರೆ ರಜೆಯ ಹೊತ್ತಿಗೆ ನನ್ನ ಮೌನಕ್ಕೆ ಬೀಗ. ಎರಡು ಎಂದು ಬರೆದಿದ್ದಾಳೆ, ಅದನ್ನು ಬಿಟ್ಟು ಮುಂದೆ ಹೋದರೆ ಮುಗಿಯಿತು. ಆ ಐದನ್ನೊಮ್ಮೆ ನೋಡಿದರೆ ಸಾಕು, ಒಂದೇ ಒಂದು ಸಲ ನೋಡಿದರೆ ಸಾಕು.

"ಬೇಟಾ, ವೋ ಪಾಂಚ್ ಕೋ ಜರಾ..."

ದನಿ ನಿಖಿಲ್‌ನದಲ್ಲ. ನನ್ನದು.

ಹುಡುಗಿ ಸೂರಿನಿಂದ ಕಣ್ಣು ಕೂಡ ತೆಗೆಯಲಿಲ್ಲ. ನೊಣ ಓಡಿಸುವವಳ ಹಾಗೆ ಎಡಗೈಯೊಂದನ್ನು ನನ್ನ ಕಡೆ ಎತ್ತಿದಳು.

"ಥಾಂಬಾ ನಾ, ಸರ್," ಎಂದಳು. ತಾಳಿ ಸ್ವಲ್ಪ.

ನಿಖಿಲ್ ನನ್ನನ್ನು ನೋಡಿದ. ನಗಲಿಲ್ಲ, ಅದು ಅವನ ದೊಡ್ಡತನ. ಹುಡುಗಿಯ ಕಣ್ಣು ನಿಧಾನವಾಗಿ ಸೂರಿನಿಂದ ಇಳಿದು ತಾನು ಬರೆದ ಎರಡರ ಮೇಲೆ ನಿಂತಿತು.

"ಥಾಂಬತೋ," ಎಂದೆ. ಕಾಯುತ್ತೇನೆ.